ಸಿಗಾರ್ ಪೆಟ್ಟಿಗೆಗೆ ಆರತಿ

ಹೋದ ವಾರ ಬ್ಯಾಡಗಿ ಮಾರುಕಟ್ಟೆಯಲ್ಲಿ ಒಂದು ಚೀಲದ ಬಾಯಿ ಬಿಚ್ಚಿಸಿ ಮೊಣಕೈತನಕ ಕೈ ಇಳಿಸಿದೆ. ಮೆಣಸಿನಕಾಯಿ ಕೊಳ್ಳುವವರಿಗೆ ನಾನು ಮೊದಲು ಹೇಳುವುದೇ ಇದು: ಮೇಲಿನ ಕಾಯಿ ನೋಡಬೇಡಿ, ಅದನ್ನು ನಿಮಗೆ ತೋರಿಸಲಿಕ್ಕೆಂದೇ ಆರಿಸಿ ಇಟ್ಟಿರುತ್ತಾರೆ. ಚೀಲದ ಹೊಟ್ಟೆಯೊಳಗೆ ಕೈ ಹಾಕಿ. ಅಲ್ಲಿ ತಂಪು ಹತ್ತಿದರೆ ತೂಕ ಬರಲೆಂದು ನೀರು ಹೊಡೆದಿದ್ದಾರೆ. ನನಗೆ ತಂಪು ಹತ್ತಿತು. ಅಷ್ಟೇ ಆಗಿದ್ದರೆ ದರ ಮುರಿದು ಮಾತಾಡುತ್ತಿದ್ದೆ. ಐವತ್ತು ವರ್ಷದಿಂದ ಮಾಡಿದ್ದೇ ಅದು. ಆದರೆ ಆ ವ್ಯಾಪಾರಿ ಮುಂಜಾನೆಯ ಪೂಜೆ ಮುಗಿಸಿ ಊದಿನಕಡ್ಡಿಯನ್ನು ಅದೇ ಚೀಲಕ್ಕೆ ಚುಚ್ಚಿದ್ದ. ಒದ್ದೆ ಕಾಯಿಯ ಮುಗ್ಗಲು, ಅದರ ಮೇಲೆ ಊದಿನಕಡ್ಡಿಯ ಹೊಗೆ… ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ನನ್ನ ಸಿಟ್ಟು ನೆತ್ತಿಗೇರಿತು. ಆ ಮನುಷ್ಯನನ್ನು ಹತ್ತು ಜನರ ಎದುರು ಬಾಯಿಗೆ ಬಂದಂತೆ ಬೈದೆ. ಮುದುಕ ದರ ಇಳಿಸಲಿಕ್ಕೆ ಆಟ ಹೂಡಿದ್ದಾನೆ ಎಂದು ಅವನು ತಿಳಿದ. ತಿಳಿಯಲಿ. ನಾನು ಬೈದದ್ದು ಅವನನ್ನಲ್ಲ.

ಎರಡನೆಯ ಮಹಾಯುದ್ಧಕ್ಕೆ ಎರಡು ಮೂರು ವರ್ಷ ಮುಂಚಿನ ಮಾತು. ನಾನಾಗ ರಾಣೆಬೆನ್ನೂರಿನಲ್ಲಿ ಒಂದು ಕೋಣೆ ಹಿಡಿದು, ಮುಂಜಾನೆಯ ರೈಲಿಗೆ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ದಲಾಲಿ ಮಾಡುತ್ತಿದ್ದೆ. ಕೈಯಲ್ಲಿ ಬಂಡವಾಳವಿರಲಿಲ್ಲ, ನಾಲಿಗೆ ಇತ್ತು. ನನ್ನ ಕೋಣೆಗೂ ಆಚೆ ಮನೆಗೂ ಒಂದೇ ಗೋಡೆ. ಆ ಮನೆಯಲ್ಲಿದ್ದವಳನ್ನು ಓಣಿಯ ಮಂದಿಯಂತೆ ನಾನೂ ಅತ್ತೆ ಎನ್ನುತ್ತಿದ್ದೆ. ಗುತ್ತಲದ ಕಡೆಯವಳು. ಮೂವತ್ತು ತುಂಬುವ ಮೊದಲೇ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಸ್ಟೇಷನ್ ರಸ್ತೆಯ ತಂಬಾಕಿನ ಅಂಗಡಿಗೆ ಚುಟ್ಟಾ ಸುತ್ತಿ ಕೊಟ್ಟು ಬದುಕುತ್ತಿದ್ದಳು. ಅಂಗಡಿಯ ಹಿಂಬಾಗಿಲಿನಲ್ಲಿ ಎಲೆ ತಂದು, ಮನೆಯಲ್ಲಿ ಸುತ್ತಿ, ಹಿಂಬಾಗಿಲಿನಲ್ಲೇ ಒಪ್ಪಿಸಬೇಕು. ಮುಂಬಾಗಿಲಿನಿಂದ ಮಾರುವವನು ಸಾವುಕಾರ. ಮಾರುವಾಗ 'ನಮ್ಮ ಕೈಯ ಚುಟ್ಟಾ' ಎನ್ನುತ್ತಿದ್ದ. ಅವನ ಕೈ ದುಡ್ಡಿನ ಗಲ್ಲೆಯಿಂದ ಆಚೆ ಹೋದದ್ದನ್ನು ನಾನು ಕಂಡಿಲ್ಲ.

ಅತ್ತೆಯ ಬಾಯಿ ಜೋರು. ನಾನು ಸಂಜೆಯ ರೈಲು ಇಳಿದು ಬಂದರೆ ಕಟ್ಟೆಯ ಮೇಲೆ ಎಲೆ ಹರವಿಕೊಂಡು ಕೂತವಳು ತಲೆ ಎತ್ತದೆಯೇ ಕೇಳುವಳು:

"ಏನೋ ದಲಾಲಿ, ಇವತ್ತ ಎಷ್ಟು ಮಂದಿಗೆ ಟೋಪಿ ಹಾಕಿ ಬಂದಿ?"

ಹತ್ತಿರ ಹೋದರೆ ಮೆಣಸಿನಕಾಯಿಯ ಘಾಟು ತನ್ನ ಎಲೆಗೆ ಹತ್ತುತ್ತದೆಂದು ದೂರ ಕೂರಿಸುತ್ತಿದ್ದಳು. ತಂಬಾಕು ಪಕ್ಕದಲ್ಲಿ ಇಟ್ಟದ್ದರ ವಾಸನೆಯನ್ನೆಲ್ಲ ಕುಡಿಯುತ್ತದೆ ಎಂದು ನನಗೆ ಗೊತ್ತಾದದ್ದು ಅವಳಿಂದ. ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ ಬೀಜದ ಸಪ್ಪಳ ಕೇಳುವುದು, ತೊಟ್ಟಿನ ಬುಡವನ್ನು ಉಗುರಿನಿಂದ ಒತ್ತಿ ಹಸಿ ನೋಡುವುದು, ಇವನ್ನು ಕಲಿಸಿದವಳೂ ಅವಳೇ. ಮಾರುಕಟ್ಟೆಯಲ್ಲಿ ನಾನು ಜಾಣನೆಂದು ಹೆಸರು ಮಾಡಿದ್ದರಲ್ಲಿ ಅರ್ಧ ಪಾಲು ಆ ಹೆಂಗಸಿನದು. ಇದನ್ನು ಆಗ ಯಾರಿಗೂ ಹೇಳಲಿಲ್ಲ.

ಈಗ ಪೆಟ್ಟಿಗೆಯ ವಿಷಯ. ಹತ್ತಿ ಕಂಪನಿಯ ಬಿಳಿ ಸಾಹೇಬನೊಬ್ಬ ಪ್ರತಿ ಚಳಿಗಾಲಕ್ಕೆ ಬಂದು ಊರಾಚೆಯ ಬಂಗಲೆಯಲ್ಲಿ ಇಳಿಯುತ್ತಿದ್ದ. ಹೆಬ್ಬೆರಳಿಗಿಂತ ದಪ್ಪನೆಯ ಸಿಗಾರ್ ಸೇದುತ್ತಿದ್ದ. ಮರಳಿ ಹೋಗುವಾಗ ತನ್ನ ದೇವದಾರು ಮರದ ಪೆಟ್ಟಿಗೆಯನ್ನು ತಂಬಾಕಿನ ಅಂಗಡಿಯಲ್ಲಿ ಬಿಟ್ಟು ಹೋಗುವನು. ಮಳೆಗಾಲದಲ್ಲಿ ಮದ್ರಾಸ್ ಕಡೆಯಿಂದ ರೈಲಿನಲ್ಲಿ ಸಿಗಾರ್ ತರಿಸಿ ಅದರಲ್ಲಿ ತುಂಬಿ, ಅವನು ಬರುವ ತನಕ ಹದ ಕೆಡದಂತೆ ಕಾಯುವುದು ಸಾವುಕಾರನ ಹೊಣೆ. ಕೇಳಲಿಕ್ಕೆ ಸುಲಭ. ನಮ್ಮ ಸೀಮೆಯ ಗಾಳಿ ನಿಮಗೆ ಗೊತ್ತಲ್ಲ. ಶ್ರಾವಣದಲ್ಲಿ ಹಪ್ಪಳ ಮೆತ್ತಗಾಗಿ ಜೋತು ಬೀಳುತ್ತದೆ. ಎರಡು ತಿಂಗಳು ಕಳೆದು ಮೂಡಣ ಗಾಳಿ ಬೀಸಿತೆಂದರೆ ತುಟಿ ಒಡೆದು ರಕ್ತ ಬರುತ್ತದೆ. ಮೊದಲ ವರ್ಷ ಸಿಗಾರಿನ ಮೇಲೆ ಸುತ್ತಿದ ಎಲೆ ಒಣಗಿ ಬಿರಿಯಿತು. ಮರುವರ್ಷ ಸಾವುಕಾರ ಒದ್ದೆ ಅರಿವೆ ಹೊಚ್ಚಿದ, ಬೂಷ್ಟು ಹಿಡಿಯಿತು. ಸಾಹೇಬ ಎರಡು ಸಲವೂ ಬೈದು ಹೋದ. ಮೂರನೆಯ ಸಲ ಸಾವುಕಾರ ಹಿಂಬಾಗಿಲಿಗೆ ಬಂದು, ಇದರ ಹದ ನೋಡವ್ವಾ ಎಂದು ಅತ್ತೆಯನ್ನು ಕೇಳಿಕೊಂಡ.

ಅವಳು ಪೆಟ್ಟಿಗೆಯನ್ನು ಮನೆಗೆ ಒಯ್ದು ಹದಿನೈದು ದಿನ ಅದರೊಡನೆ ಗುದ್ದಾಡಿದಳು. ನೀರಲ್ಲಿ ಅದ್ದಿದ ಮಡಕೆಯ ಚೂರು ಇಟ್ಟು ನೋಡಿದಳು: ಮಳೆ ದಿನ ಹೆಚ್ಚಾಗುತ್ತಿತ್ತು, ಬಿಸಿಲಿಗೆ ಸಾಲುತ್ತಿರಲಿಲ್ಲ. ಕೊನೆಗೆ ಒಂದು ದಿನ ಸಣ್ಣ ಮಣ್ಣಿನ ಬಟ್ಟಲಲ್ಲಿ ಹರಳುಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಪೆಟ್ಟಿಗೆಯ ಮೂಲೆಯಲ್ಲಿ ಇಟ್ಟಳು. ಉಪ್ಪು ತೊಯ್ದಿರಬೇಕು, ಕರಗಿರಬಾರದು. ಅಷ್ಟೇ ಹದ. ಅಡುಗೆಮನೆಯ ಉಪ್ಪಿನ ಗಡಿಗೆ ನೋಡಿ ಅವಳಿಗೆ ಹೊಳೆದದ್ದಂತೆ. ನಾನು ನಂಬಲಿಲ್ಲ. ಉಪ್ಪು ಇದ್ದಬದ್ದ ಪಸೆಯನ್ನೆಲ್ಲ ಎಳೆದುಕೊಳ್ಳುತ್ತದಲ್ಲ ಎಂದು ವಾದ ಹೂಡಿದೆ.

"ಉಪ್ಪಿಗೆ ತನಗ ಎಷ್ಟು ಬೇಕೊ ಅದು ಗೊತ್ತೈತಿ" ಎಂದಳು. "ಗಾಳಿ ಹಸಿ ಇದ್ರ ಕುಡಿತೈತಿ, ಒಣಗಿದ್ರ ಬಿಟ್ಟು ಕೊಡತೈತಿ. ನಡುವ ನಿನ್ನಂಥಾ ದಲಾಲಿ ಕೈ ಹಾಕಬಾರದು, ಅಷ್ಟ."

ಪೆಟ್ಟಿಗೆಯ ಒಳಗಿನ ಹದ ಹೇಗಿದೆ ಎಂದು ತಿಳಿಯಲು ಇನ್ನೊಂದು ಯುಕ್ತಿ ಮಾಡಿದ್ದಳು. ಇಂಗು, ಜೀರಿಗೆ ಏನೂ ಹಾಕದ ಬರೀ ಅಕ್ಕಿಯ ಹಪ್ಪಳದ ಒಂದು ತುಂಡನ್ನು ಮುಚ್ಚಳದ ಒಳಗೆ ಸಿಕ್ಕಿಸುವುದು. ಎರಡು ದಿನಕ್ಕೊಮ್ಮೆ ತೆಗೆದು ಬಗ್ಗಿಸಿ ನೋಡುವುದು. ಟಕ್ಕೆಂದು ಮುರಿದರೆ ಒಣಗಿದೆ. ಅರಿವೆಯಂತೆ ಜೋತರೆ ಹಸಿಯಾಗಿದೆ. ಬಗ್ಗಿ, ಬಿಟ್ಟ ಕೂಡಲೇ ಮೊದಲಿನಂತೆ ನಿಂತರೆ ಸರಿ ಇದೆ. ದೊಡ್ಡ ಶಹರಗಳಲ್ಲಿ ಇದಕ್ಕೆ ಮುಳ್ಳಿನ ಯಂತ್ರ ಸಿಗುತ್ತದೆಂದು ಆಮೇಲೆ ಕೇಳಿದೆ. ಯಾರ ಮನೆಯಲ್ಲಾದರೂ ಅಂಥ ಪೆಟ್ಟಿಗೆ ಇದ್ದರೆ ಯಂತ್ರಕ್ಕೆ ದುಡ್ಡು ಸುರಿಯಬೇಡಿ, ಹಪ್ಪಳ ಸಾಕು.

ಆ ವರ್ಷ ಸಾಹೇಬ ಮುಚ್ಚಳ ತೆಗೆದು ಒಂದನ್ನು ಎತ್ತಿ, ಬೆರಳಲ್ಲಿ ಹೊರಳಿಸಿ, ಮೂಸಿ, ಏನೂ ಬೈಯಲಿಲ್ಲ. ಬೈಯದೆ ಹೋದದ್ದೇ ಊರಲ್ಲಿ ಸುದ್ದಿಯಾಯಿತು. ಸಾಹೇಬನ ಬಟ್ಲರ್ ಒಡೆದ ಸಿಗಾರೊಂದನ್ನು ತಂದು ಅತ್ತೆಗೆ ಕೊಟ್ಟ. ಅವಳು ಒಂದು ದಮ್ಮು ಎಳೆದು ಕೆಮ್ಮಿ, ಇದರ ಸಲುವಾಗಿಯಾ ನಾನು ಇಷ್ಟು ದಿನ ನಿದ್ದೆಗೆಟ್ಟದ್ದು, ನಮ್ಮ ಗುತ್ತಲದ ಚುಟ್ಟಾದ ಮುಂದೆ ಇದು ಹುಲ್ಲು ಎಂದು ಅಂಗಳಕ್ಕೆ ಎಸೆದಳು.

ಮುಂದಿನ ವರ್ಷ ಸಾಹೇಬ ಹೇಳಿಕಳಿಸಿದ: ಈ ಸಲವೂ ಪೆಟ್ಟಿಗೆ ಚೆನ್ನಾಗಿದ್ದರೆ ಕಂಪನಿಯ ಅತಿಥಿಗಳ ಸಿಗಾರ್ ಎಲ್ಲ ಇದೇ ಅಂಗಡಿಯಿಂದ. ಸಾವುಕಾರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತೆ ನನ್ನನ್ನು ಕಟ್ಟೆಗೆ ಕರೆದು ಕೂರಿಸಿದಳು. ಅಂದು ದೂರ ಕೂರು ಎನ್ನಲಿಲ್ಲ.

ಅವಳಿಗೆ ಬೇಕಾದದ್ದು ಕಿಟಕಿ. ಆ ಅಂಗಡಿಗೆ ಸ್ಟೇಷನ್ ರಸ್ತೆಯ ಕಡೆ ಒಂದು ಮಾರಾಟದ ಕಿಟಕಿ ಇತ್ತು. ಹಲಗೆ ಬಡಿದು ಮುಚ್ಚಿದ್ದರು. ಅದರ ಹಿಂದೆ ಒಬ್ಬರು ಕೂರುವಷ್ಟು ಜಾಗ. ಅಲ್ಲಿ ಕೂತು ತಾನು ಸುತ್ತಿದ ಚುಟ್ಟಾ ತಾನೇ ಮಾರಬೇಕು, ರೈಲು ಇಳಿದವರು ತನ್ನ ಮುಖ ನೋಡಿ ಕೊಳ್ಳಬೇಕು… ಇಷ್ಟೇ. ಬಾಡಿಗೆ ಬೇಕಾದರೆ ಕೊಡುತ್ತೇನೆ ಎಂದಳು. "ಹಿಂಬಾಗಲಾ ಸಾಕಾಗೇತೊ. ಹನ್ನೆರಡು ವರ್ಷ ಆತು, ಆ ಅಂಗಡಿ ಮುಂದಿನ ಗ್ವಾಡಿ ಯಾ ಬಣ್ಣ ಐತಿ ಅಂತ ನನಗ ಗೊತ್ತಿಲ್ಲ."

ನನಗೆ ಹುರುಪು ಬಂತು. ಚೌಕಾಶಿ ಎಂದರೆ ನನಗೆ ಊಟವಿದ್ದಂತೆ. ಬ್ಯಾಡಗಿಯಲ್ಲಿ ಆಗ ದರ ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಗಲ ವಲ್ಲಿಯ ಕೆಳಗೆ ಇಬ್ಬರೂ ಕೈ ಇಟ್ಟು, ಬೆರಳು ಹಿಡಿದು ತಿಳಿಸುವುದು. ಸಾವುಕಾರನ ಅಂಗಡಿಗೆ ಹೋಗಿ ಹಾಗೆಯೇ ವಲ್ಲಿ ಹೊಚ್ಚಿ ಕೈ ಒಡ್ಡಿದೆ. ಅವನು ನಕ್ಕು, ಕಿಟಕಿಗೆ ಯಾವ ಬೆರಳು ಎಂದು ಕೇಳಿದ. ನಾನು ಐದೂ ಬೆರಳು ಸೇರಿಸಿ ಹಿಡಿದೆ. ಅವಳು ಬಿಟ್ಟು ಹೋದರೆ ಪೆಟ್ಟಿಗೆಯ ಗತಿ ಏನು ಎಂದು ಹೆದರಿಸಿದೆ, ಒಂದು ಹಲಗೆ ಕೀಳಲಿಕ್ಕೆ ಏನು ಖರ್ಚು ಎಂದು ಪುಸಲಾಯಿಸಿದೆ. ಅರ್ಧ ತಾಸಿಗೆ ಒಪ್ಪಿದ. ಸಾಹೇಬ ದೀಪಾವಳಿ ಕಳೆದ ಎಂಟು ದಿನಕ್ಕೆ ಬರುವವನು. ಅವನು ಮುಚ್ಚಳ ತೆಗೆದು ಮೊದಲ ಸಿಗಾರ್ ಹಚ್ಚಿ ಸರಿ ಅಂದರೆ, ಮರುದಿನ ಹಲಗೆ ಕೀಳಿಸಿ ಅವಳನ್ನು ಕಿಟಕಿಯಲ್ಲಿ ಕೂರಿಸುವುದು.

ಎದೆ ಉಬ್ಬಿಸಿಕೊಂಡು ಬಂದೆ. ಈಗ ನೆನೆದರೆ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನಿಸುತ್ತದೆ. ಏನು ಸಿಗುತ್ತದೆ ಎಂಬುದನ್ನು ಮಾತಾಡಿದೆ. ಅಲ್ಲಿತನಕ ಪೆಟ್ಟಿಗೆಯ ಮುಚ್ಚಳ ಯಾರು ತೆಗೆಯಬೇಕು, ಯಾರು ತೆಗೆಯಬಾರದು ಎಂಬುದನ್ನು ಮಾತಾಡಲಿಲ್ಲ. ಕರಾರು ಮಾಡುವವರು ಇದನ್ನು ಬರೆದಿಟ್ಟುಕೊಳ್ಳಿ: ಫಲ ಯಾರಿಗೆ ಎಂದು ಕೇಳುವ ಮುಂಚೆ, ಗಿಡಕ್ಕೆ ಕೈ ಹಚ್ಚುವ ಹಕ್ಕು ಯಾರದೆಂದು ಕೇಳಿ.

ದೀಪಾವಳಿ ಅಮಾವಾಸ್ಯೆಯ ಸಂಜೆ ಅಂಗಡಿ ಪೂಜೆ. ಪೇಟೆಯ ವರ್ತಕರೆಲ್ಲ ಒಬ್ಬರ ಅಂಗಡಿಗೆ ಒಬ್ಬರು ಹೋಗಿ ಕೂರುವ ದಿನ. ತಕ್ಕಡಿ, ತೂಕದ ಕಲ್ಲು, ಬೀಗ, ಗಲ್ಲೆ ಎಲ್ಲವನ್ನೂ ತೊಳೆದು ಲಕ್ಷ್ಮಿಯ ಮುಂದೆ ಇಟ್ಟಿದ್ದರು. ನಡುವೆ ಸಾಹೇಬನ ಪೆಟ್ಟಿಗೆ. ಅಂಗಡಿಗೆ ಅದೃಷ್ಟ ತರುವ ವಸ್ತು ಅದೇ ಎಂದು ಸಾವುಕಾರ ಚೆಂಡು ಹೂವಿನ ಸರ ಸುತ್ತಿದ್ದ. ನನಗೆ ಮೊದಲ ಸಲ ಒಳಗೆ ಗಾದಿಯ ಮೇಲೆ ಜಾಗ ಸಿಕ್ಕಿತ್ತು. ದೊಡ್ಡ ದೊಡ್ಡ ವರ್ತಕರ ನಡುವೆ ಕೂತು ಎಲೆ ಅಡಿಕೆ ಹಾಕಿಕೊಂಡಿದ್ದೆ. ಅತ್ತೆ ಹೊರಗೆ, ಪಕ್ಕದ ಸಂದಿಯಲ್ಲಿ. ಗಂಡನಿಲ್ಲದವಳು ಅಂದು ಲಕ್ಷ್ಮಿಯ ಎದುರು ಬರುವಂತಿಲ್ಲ. ಪೆಟ್ಟಿಗೆಗೆ ಹೊರಗಿನಿಂದ ಕುಂಕುಮ ಹಚ್ಚಿ, ಮುಚ್ಚಳ ಮಾತ್ರ ತೆಗೆಯಬೇಡಿ ಎಂದು ಹಿಂದಿನ ದಿನ ಪೆಟ್ಟಿಗೆ ಒಪ್ಪಿಸುವಾಗಲೇ ಹೇಳಿದ್ದಳಂತೆ. ಆದರೂ ಮನಸ್ಸು ತಡೆಯದೆ ಬಂದು ಸಂದಿಯಿಂದ ಇಣುಕುತ್ತಿದ್ದಳು.

ಮುಚ್ಚಿದ ಪೆಟ್ಟಿಗೆಗೇ ಆರತಿ ಎತ್ತಿದ್ದಾಯಿತು. ಅಷ್ಟರಲ್ಲಿ ಹಿರಿಯ ವರ್ತಕನೊಬ್ಬ, ಪೆಟ್ಟಿಗೆ ಮುಚ್ಚಿಯೇ ಪೂಜೆ ಮಾಡಿದರೆ ಲಕ್ಷ್ಮಿ ಒಳಗೆ ಹೋಗುವುದು ಹೇಗೆ ಎಂದು ಕೇಳಿದ. ನಾಲ್ಕು ಮಂದಿ ಹೌದು ಹೌದು ಎಂದರು. ಸಾವುಕಾರ ಕೀಲಿ ತಿರುಗಿಸಿ ಮುಚ್ಚಳ ಎತ್ತಿದ.

"ಸಾವ್ಕಾರ್ರ, ತಗೀಬ್ಯಾಡ್ರಿ" ಎಂದು ಸಂದಿಯಿಂದ ಅತ್ತೆಯ ದನಿ ಬಂತು. "ಹೊರಗಿಂದ ಎಷ್ಟರ ಪೂಜಿ ಮಾಡ್ರಿ, ಒಳಗ ನೀರು ಹೊಗಿ ಬ್ಯಾಡ."

ಯಾರೋ ಗೊಣಗಿದರು: "ಹಬ್ಬದ ದಿನಾ ಈ ಮುಂಡಿ ಯಾಕ ಬಾಯಿ ಮಾಡಾಕತ್ತಾಳ?"

ಸಾವುಕಾರನ ಕಣ್ಣಿಗೆ ಮೊದಲ ಸಲ ಮೂಲೆಯ ಉಪ್ಪಿನ ಬಟ್ಟಲು ಬಿತ್ತು. ಅವನ ಮುಖ ಕಪ್ಪಿಟ್ಟಿತು. ನಮ್ಮಲ್ಲಿ ಉಪ್ಪು ಎಂದರೆ ಲಕ್ಷ್ಮಿ, ಉಪ್ಪು ನೀರೊಡೆದರೆ ಮನೆಯ ಲಕ್ಷ್ಮಿ ಹರಿದು ಹೋಗುತ್ತಾಳೆಂದು ಹೇಳುತ್ತಾರೆ. ಅಮಾವಾಸ್ಯೆಯ ಪೂಜೆಯಲ್ಲಿ ತೊಯ್ದ ಉಪ್ಪು. ತೆಗೆದು ಚೆಲ್ಲಿಸಿದ. ಹಪ್ಪಳದ ತುಂಡನ್ನು ಯಾರದೋ ಎಂಜಲೆಂದು ಕಿತ್ತು ಎಸೆದ. ಆಮೇಲೆ ಸಿಗಾರುಗಳ ಮೇಲೆ ತೀರ್ಥ ಚಿಮುಕಿಸಿದ, ಲೋಬಾನದ ಹೊಗೆಯನ್ನು ಪೆಟ್ಟಿಗೆ ತುಂಬುವಂತೆ ಊದಿದ, ಕರ್ಪೂರದ ಆರತಿ ಎತ್ತಿದ. ಒಂದು ಬೊಗಸೆ ಒದ್ದೆ ಹೂವನ್ನು ಒಳಗೆ ಸುರಿದು, ಲಕ್ಷ್ಮಿ ಹೊರಗೆ ಹೋಗದಿರಲೆಂದು ಬೀಗ ಹಾಕಿದ.

ಇದೆಲ್ಲ ನಡೆಯುವಾಗ ಅತ್ತೆ ಮತ್ತೊಮ್ಮೆ ಕೂಗಿದಳು. ಈ ಸಲ ಅವನಿಗಲ್ಲ.

"ದಲಾಲಿ, ನೀನರ ಹೇಳೊ."

ಗಾದಿಯ ಮೇಲಿನವರೆಲ್ಲ ನನ್ನತ್ತ ತಿರುಗಿದರು. ಅಲ್ಲಿ ಕೂತವರಲ್ಲಿ ಹೆಚ್ಚಿನವರು ಮುಂದಿನ ಹಂಗಾಮಿಗೆ ನನ್ನಿಂದ ಮೆಣಸಿನಕಾಯಿ ಕೊಳ್ಳಬೇಕಾದವರು. ಪೂಜೆ ನಡೆಯುವಾಗ ಅಡ್ಡ ಬಾಯಿ ಹಾಕಿದವನು ಎಂಬ ಹೆಸರು ಬಂದರೆ… ನನ್ನ ತಲೆ ಚುರುಕು ನೋಡಿ, ಅಷ್ಟರಲ್ಲಿ ಎಲ್ಲ ಲೆಕ್ಕ ಹಾಕಿಬಿಟ್ಟಿತು. ಬಾಯಲ್ಲಿ ಎಲೆ ಇತ್ತು. ಅಗಿಯುತ್ತಾ ಕೂತೆ.

ಹಬ್ಬದಲ್ಲಿ ಇಟ್ಟದ್ದನ್ನು ಮೂರು ದಿನ ಕದಲಿಸುವಂತಿಲ್ಲ. ಅವಳು ದಿನಾ ಹಿಂಬಾಗಿಲಿಗೆ ಹೋಗಿ ಬೇಡಿದಳು. ನಾಲ್ಕನೆಯ ದಿನ ಬೀಗ ತೆಗೆದರು. ಹೂ ಕೊಳೆತು ನೀರಾಗಿತ್ತು. ಸಿಗಾರುಗಳ ಮೇಲೆ ಬೆಕ್ಕಿನ ಮರಿಯ ಕೂದಲಿನಂಥ ಬಿಳಿ ಬೂಷ್ಟು. ಒರೆಸಿದಳು, ನೆರಳಲ್ಲಿ ಆರಿಸಿದಳು, ಹೊಸ ಉಪ್ಪು ಇಟ್ಟಳು. ಬೂಷ್ಟು ಹೋಯಿತು. ಲೋಬಾನ, ಕರ್ಪೂರದ ವಾಸನೆ ಹೋಗಲಿಲ್ಲ. ಸಾಹೇಬ ಬಂದು ಒಂದನ್ನು ಹಚ್ಚಿ, ಎರಡನೆಯ ದಮ್ಮಿಗೆ ತೆಗೆದು ನೋಡಿದ. ಬಟ್ಲರ್‌ನ ಕಡೆ ತಿರುಗಿ ಏನೋ ಅಂದ. ಅವನು ಅದನ್ನು ಕನ್ನಡಿಸಿ ಹೇಳಲೂ ಇಲ್ಲ. ಪೆಟ್ಟಿಗೆಯನ್ನು ಬಂಡಿಯಲ್ಲಿ ಹಾಕಿಸಿಕೊಂಡು ಹೋದರು. ಮತ್ತೆ ಆ ಅಂಗಡಿಗೆ ಬರಲಿಲ್ಲ.

ನಾನು ಸಾವುಕಾರನ ಹತ್ತಿರ ಹೋದೆ. ಕೆಡಿಸಿದವನು ನೀನು, ಕಿಟಕಿ ಕೊಡು ಎಂದು ಜಗಳ ತೆಗೆದೆ. ಈಗ ಬಾಯಿ ಬಂತು ನನಗೆ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ. ಅವನು ತಣ್ಣಗೆ ಹೇಳಿದ:

"ಲಕ್ಷ್ಮಿ ಮುಂದ ಇಟ್ಟದ್ದು ಕೆಡತೈತೇನು? ಅಕಿ ಕೈ ಮುಟ್ಟಿತ್ತು, ಕೆಡ್ತು. ಎರಡು ವರ್ಷ ಅಕಿ ಕೈಯಾಗ ಕೊಟ್ಟದ್ದ ನನ್ನ ತಪ್ಪು."

ಮನುಷ್ಯ ಸುಳ್ಳು ಹೇಳುತ್ತಿದ್ದಾನೆ ಎಂದಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಸುಳ್ಳಿನೊಡನೆ ಚೌಕಾಶಿ ಮಾಡಬಹುದು. ಅವನು ಅದನ್ನು ನಂಬಿದ್ದ. ಪೇಟೆಯೂ ನಂಬಿತು. ಸಾಹೇಬನ ಪೆಟ್ಟಿಗೆ ಕೆಡಿಸಿದ ಕೈ ಎಂದು ಯಾವ ಅಂಗಡಿಯವರೂ ಅವಳಿಗೆ ಎಲೆ ಕೊಡಲಿಲ್ಲ. ಅವಳ ಕೈಯ ಚುಟ್ಟಾ ಸೇದಿ ಬೆಳೆದ ಗಂಡಸರು ಅವಳನ್ನು ಕಂಡು ಓಣಿಯ ಆಚೆ ಬದಿಗೆ ಸರಿದು ನಡೆದರು.

ನಾನು ಸಮಾಧಾನ ಹೇಳಲು ಹೋದಾಗ ಅತ್ತೆ ಖಾಲಿ ಮೊರ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಏನೇನೋ ಹೇಳಿದೆ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ಎಲಿ ಉಗುಳಿ ಮಾತಾಡಾಕ ಎಷ್ಟೊತ್ತು ಬೇಕಾಗಿತ್ತೊ?"

ತಿಂಗಳೊಳಗೆ ಅವಳು ಮನೆ ಬಿಟ್ಟು ಕಾಗಿನೆಲೆಯ ಕಡೆ ಅಕ್ಕನ ಊರಿಗೆ ಹೋದಳೆಂದು ತಿಳಿಯಿತು.

ಯುದ್ಧ ಶುರುವಾಗಿ ಮಾಲಿಗೆ ದರ ಏರಿತು. ನಾನು ದಲಾಲಿ ಬಿಟ್ಟು ಬ್ಯಾಡಗಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಒಂದು ಹಂಗಾಮಿನಲ್ಲಿ, ಕಣದಲ್ಲಿ ಸಾಲಾಗಿ ಕೂತು ಕಾಯಿಯ ತೊಟ್ಟು ಮುರಿಯುವ ಹೆಂಗಸರ ನಡುವೆ ಅವಳನ್ನು ಕಂಡೆ. ಬೆರಳ ತುದಿಗಳು ಕೆಂಪಗೆ ಊದಿದ್ದವು. ಮಾತಾಡಿಸಿದೆ. ಅವಳು ಕೆಲಸ ನಿಲ್ಲಿಸದೆ, ನಾನು ಆಗಷ್ಟೇ ಕೊಂಡಿದ್ದ ರಾಶಿಯಿಂದ ಒಂದು ಕಾಯಿ ಎತ್ತಿ ಅಲುಗಿಸಿ, ಇದು ಹಸಿ ಐತಿ, ಯಾರು ನಿನಗ ಟೋಪಿ ಹಾಕಿದ್ರು ಎಂದಳು. ಹಳೆಯ ದನಿಯೇ. ನನಗೆ ಧೈರ್ಯ ಬಂತು. ಈ ಉರಿ ಕೆಲಸ ಬಿಡು, ನನ್ನ ಅಂಗಡಿಗೆ ಬಾ, ಹದ ನೋಡಿ ಕೊಡು, ತಿಂಗಳ ಪಗಾರ ಕೊಡುತ್ತೇನೆ ಎಂದೆ. ಮನಸ್ಸಿನಿಂದಲೇ ಹೇಳಿದೆ, ನಾಟಕವಲ್ಲ.

ಆಗ ಅವಳ ಕೈ ನಿಂತಿತು.

"ಎಲ್ಲಿ ಕುಂದರಸ್ತಿ? ಹಿಂದನೊ, ಮುಂದನೊ?"

ಮುಂದೆ ಎಂದು ಹೇಳಲು ಬಾಯಿ ತೆರೆದೆ. ಹೊಸ ಅಂಗಡಿ. ಮುಂಜಾನೆಯ ಬೋಣಿಗೆ ಬರುವ ಗಿರಾಕಿ ಮೊದಲು ನೋಡುವ ಮುಖ… "ಬೋಣಿ ಹೊತ್ತಿನಾಗ ಹಿಂದ ಇರು ಅತ್ತಿ" ಎಂದೆ. "ಮಧ್ಯಾಹ್ನದ ಮ್ಯಾಲ ನೋಡೂಣಂತ."

ಅವಳು ಬೈಯಲಿಲ್ಲ. ನಕ್ಕಳೂ ಇಲ್ಲ. ಕಾಯಿಯನ್ನು ರಾಶಿಗೆ ಎಸೆದು, ಪಕ್ಕದವಳ ಕಡೆ ತಿರುಗಿ ಏನೋ ಮನೆಮಾತು ತೆಗೆದಳು. ನಾನು ನಿಂತೇ ಇದ್ದೆ. ನಾನೊಬ್ಬ ಅಲ್ಲಿ ನಿಂತಿದ್ದೇನೆ ಎಂಬುದೇ ಅವಳಿಗೆ ಮರೆತಂತಿತ್ತು. ಮರುವರ್ಷ ಆ ಸಾಲಿನಲ್ಲಿ ಅವಳಿರಲಿಲ್ಲ. ಜ್ವರದಲ್ಲಿ ತೀರಿಕೊಂಡಳೆಂದು ಕಾಗಿನೆಲೆಯಿಂದ ಮಾಲು ತರುವ ಬಂಡಿಯವನು ಹೇಳಿದ. ಯಾವಾಗ ಎಂದು ಕೇಳಿದೆ. ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ…

ಈಗ ನನಗೆ ಬ್ಯಾಡಗಿಯಲ್ಲಿ ಒಂದು, ಹಾವೇರಿಯಲ್ಲಿ ಒಂದು ಅಂಗಡಿ. ನಡೆಸುವವನು ಮಗ. ಹಾವೇರಿಯ ಅಂಗಡಿಯ ಒಳಗೆ ಕಾಯಿ ಆರಿಸುವ ಹೆಂಗಸರಲ್ಲಿ ಒಬ್ಬಳಿದ್ದಾಳೆ. ಮುಟ್ಟಿದ ಕೂಡಲೇ ಹದ ಹೇಳುತ್ತಾಳೆ. ಒಮ್ಮೆಯೂ ತಪ್ಪಿದ್ದಿಲ್ಲ. ಅವಳ ಗಂಡ ತೀರಿ ಎರಡು ವರ್ಷವಾಯಿತು. ಹೋದ ವಾರ ಮಾರುಕಟ್ಟೆಯಿಂದ ನೇರವಾಗಿ ಅಲ್ಲಿಗೆ ಹೋಗಿ ಮಗನಿಗೆ ಹೇಳಿದೆ: ನಾಳೆಯಿಂದ ಅವಳನ್ನು ಮುಂದಿನ ಗಾದಿಯ ಮೇಲೆ ಕೂರಿಸು, ಖರೀದಿಯ ಮಾತು ಅವಳದೇ ನಡೆಯಲಿ. ಮಗ ನನಗಿಂತ ಮೆತ್ತಗಿನ ಮನುಷ್ಯ, ಯಾರನ್ನೂ ನೋಯಿಸುವವನಲ್ಲ. ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ.

"ಬೋಣಿ ಹೊತ್ತಿನಾಗ ಬ್ಯಾಡ ಅಪ್ಪಾ. ಮಧ್ಯಾಹ್ನದ ಮ್ಯಾಲ ನೋಡೂಣಂತ."

ಅಂಗಡಿ ನಡುಗುವಂತೆ ಕೂಗಾಡಿದೆ. ಆಳುಗಳು ಹೊರಗೆ ಓಡಿದರು. ಆ ಹೆಂಗಸು ಕೈಯಲ್ಲಿದ್ದ ಕಾಯಿ ಬಿಟ್ಟು ಗಾಬರಿಯಿಂದ ನೋಡಿದಳು. ಇಷ್ಟು ಸಿಟ್ಟು ಯಾಕೆಂದು ಮಗನಿಗೆ ತಿಳಿಯಲಿಲ್ಲ. ತಾನು ಏನು ತಪ್ಪು ಹೇಳಿದೆ ಎಂದು ಮೂರು ಸಲ ಕೇಳಿದ. ಅವನನ್ನು ಗಾದಿಯ ಮೇಲೆ ಕೂರಿಸಿ ವ್ಯಾಪಾರ ಕಲಿಸಿದವನು ನಾನು. ಆ ಮಾತು ಅವನಿಗೆ ಯಾರಿಂದ ಬಂತೆಂದು ನಾನು ಕೇಳಬೇಕಾಗಿರಲಿಲ್ಲ.